ತಿರುಕನ ಕನಸು, ಅರಸನ ಎಚ್ಚರ

‘ಎಚ್ಚರ’ ಎಂಬ ಕನ್ನಡ ಪದಕ್ಕೆ ಲೋಕರೂಢಿಯಲ್ಲಿ ಎರಡು ಅರ್ಥಗಳುಂಟು. ನಿದ್ರೆ ತಿಳಿದು ಏಳುವುದು ಒಂದು. ಹಾದಿಯಲ್ಲಿ ಎಡವದಂತೆ ಜಾಗರೂಕನಾಗಿರುವುದು ಇನ್ನೊಂದು. ಅನುಭಾವಿಗಳು ಈ ಎರಡನ್ನೂ ಉಳಿಸಿಕೊಂಡು ಮೂರನೆಯ ಅರ್ಥವೊಂದನ್ನು ಅದಕ್ಕೆ ಕೂಡಿಸಿದರು. ತಾನು ಯಾವುದಲ್ಲವೋ ಅದನ್ನೇ ತಾನೆಂದು ನಂಬಿದ್ದ ಮರೆವು ಹರಿದು, ತನ್ನ ನಿಜವನ್ನು ತಾನು ಕಂಡುಕೊಳ್ಳುವುದೇ ಆ ಮೂರನೆಯ ಎಚ್ಚರ. ಹಾಸಿಗೆಯಿಂದ ಎದ್ದು, ಮುಖ ತೊಳೆದು, ದಿನವೆಲ್ಲ ವ್ಯವಹಾರ ನಡೆಸುವವನೂ ಈ ಅರ್ಥದಲ್ಲಿ ನಿದ್ರಿಸುತ್ತಲೇ ಇರಬಹುದು.

ಮರೆವು ಯಾವುದು, ಅದು ಹರಿಯುವುದು ಹೇಗೆ, ಹರಿದ ಮೇಲೆ ಬದುಕು ಏನಾಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಶಾಸ್ತ್ರಗ್ರಂಥಗಳಲ್ಲಿ ವಿಸ್ತಾರವಾದ ಉತ್ತರಗಳಿವೆ. ಆದರೆ ಮೈಸೂರಿನ ತೆಂಕಣ ಸೀಮೆಯಲ್ಲಿ ಬಾಳಿದ ಇಬ್ಬರು ಶಿವಯೋಗಿಗಳ ನೆನಪಿನಲ್ಲಿ ಅದೇ ಉತ್ತರವು ಕಣ್ಣಿಗೆ ಕಟ್ಟುವಂತೆ ದೊರೆಯುತ್ತದೆ. ಒಬ್ಬರು ತಿರುಕನು ಅರಸನಾದ ಕನಸನ್ನು ಹಾಡಿದ ಮುಪ್ಪಿನ ಷಡಕ್ಷರಿಗಳು. ಇನ್ನೊಬ್ಬರು ಅರಸುತನವನ್ನು ಕನಸೆಂದರಿತು ಬಿಟ್ಟು ಬಂದರೆಂದು ಸಂಪ್ರದಾಯವು ಹೇಳುವ ನಿಜಗುಣ ಶಿವಯೋಗಿಗಳು.

ನಾಮವೂ ನೆಲವೂ

ಮೈಸೂರು ನಗರದ ಚಾಮರಾಜಪುರಂ ಬಡಾವಣೆಗೆ ತನ್ನದೇ ಆದ ಒಂದು ರೈಲು ನಿಲ್ದಾಣವಿದೆ. ಮೈಸೂರು ಜಂಕ್ಷನ್ನನ್ನು ಬಿಟ್ಟು ತೆಂಕಣಕ್ಕೆ ಸಾಗುವ ರೈಲು ಇಲ್ಲಿ ನಿಂತು, ಅಶೋಕಪುರಂ, ಕಡಕೊಳಗಳನ್ನು ದಾಟಿ, ಕಪಿಲೆಯ ದಡದ ನಂಜನಗೂಡನ್ನು ಮುಟ್ಟಿ, ಕೊನೆಗೆ ಚಾಮರಾಜನಗರವನ್ನು ಸೇರುತ್ತದೆ. ಹತ್ತುವ ನಿಲ್ದಾಣಕ್ಕೂ ಚಾಮರಾಜನ ಹೆಸರು, ಇಳಿಯುವ ಊರಿಗೂ ಚಾಮರಾಜನ ಹೆಸರು. ಆದರೆ ಇಳಿಯುವ ಊರು ಹುಟ್ಟಿನಿಂದ ಚಾಮರಾಜನಗರವಲ್ಲ, ಅದು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಖಾಸಾ ಚಾಮರಾಜ ಒಡೆಯರ ಜನ್ಮಸ್ಥಳವಾದ ಆ ಊರಿಗೆ 1818ರಲ್ಲಿ ಈಗಿನ ಹೆಸರನ್ನಿತ್ತರು. ಅಲ್ಲಿಂದ ಮೂಡಲಿಗೆ ಹೋದರೆ ಯಳಂದೂರು ಮತ್ತು ಕೊಳ್ಳೇಗಾಲಗಳ ಸೀಮೆ. ನಿಜಗುಣರ ತಪೋಭೂಮಿಯೆಂದು ಜನರು ನಡೆದುಕೊಳ್ಳುವ ಶಂಭುಲಿಂಗನ ಬೆಟ್ಟ ಇರುವುದು ಈ ಸೀಮೆಯಲ್ಲಿಯೇ. ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ವರ್ಷದ ನವೆಂಬರ್ 1ರಿಂದ ಮೈಸೂರು ರಾಜ್ಯಕ್ಕೆ ಸೇರಿ ಮೈಸೂರು ಜಿಲ್ಲೆಯದಾಯಿತು. 1997ರಲ್ಲಿ ಹೊಸ ಜಿಲ್ಲೆಯಾದಾಗ ಚಾಮರಾಜನಗರದ್ದಾಯಿತು. ಒಂದು ಮನುಷ್ಯಾಯುಷ್ಯದೊಳಗೆ ದಫ್ತರದ ಹೆಸರು ಎರಡು ಬಾರಿ ಬದಲಾಯಿತು. ಬೆಟ್ಟದ ಬಂಡೆಯಾಗಲಿ, ಹೊಲದ ಮಣ್ಣಾಗಲಿ ಒಂದು ಗೇಣೂ ಕದಲಲಿಲ್ಲ.

ನೆಲಕ್ಕೆ ಹೊರಗಿನಿಂದ ಬಂದು ಸೇರಿದ ಈ ಬಗೆಯ ಗುರುತನ್ನು ಶಾಸ್ತ್ರಕಾರರು ‘ಉಪಾಧಿ’ ಎಂದು ಕರೆಯುತ್ತಾರೆ. ಸ್ಫಟಿಕದ ಬಳಿ ದಾಸವಾಳವನ್ನಿಟ್ಟರೆ ಸ್ಫಟಿಕವು ಕೆಂಪಾಗಿ ತೋರುತ್ತದೆ. ಕೆಂಪು ಹೂವಿನದು, ಸ್ಫಟಿಕದ್ದಲ್ಲ. ಹೂವು ಸುಳ್ಳಲ್ಲ, ಕೆಂಪೂ ಸುಳ್ಳಲ್ಲ. ಅದು ಸ್ಫಟಿಕದ್ದೆಂದು ತಿಳಿಯುವುದು ಸುಳ್ಳು. ಇದನ್ನು ಗಮನದಲ್ಲಿಡುವುದು ಅವಶ್ಯ. ಏಕೆಂದರೆ ಲೌಕಿಕ ಗುರುತುಗಳನ್ನು ದಾಟಿ ನೋಡಬೇಕೆಂದು ಹೇಳುವಾಗ ಆ ಗುರುತುಗಳೇ ಇಲ್ಲವೆಂದು ಯಾವ ಅನುಭಾವಿಯೂ ಹೇಳಿದವನಲ್ಲ. ಚಾಮರಾಜಪುರಂನ ಒಬ್ಬ ಗೃಹಸ್ಥನು ರೈಲಿನಲ್ಲಿ ಪ್ರಯಾಣಿಕ, ಶಾಲೆಯಲ್ಲಿ ಉಪಾಧ್ಯಾಯ, ಆಸ್ಪತ್ರೆಯಲ್ಲಿ ರೋಗಿ, ಮನೆಯಲ್ಲಿ ತಂದೆ, ತನ್ನ ತಾಯಿಯ ಮುಂದೆ ಇನ್ನೂ ಮಗು. ಇವೆಲ್ಲವೂ ಅವರವರ ವ್ಯವಹಾರಕ್ಕೆ ನಿಜವೇ. ಆದರೆ ಒಂದು ಬರುವಾಗ ಇನ್ನೊಂದು ಹೋಗುತ್ತದೆ; ಬಂದುಹೋಗುವ ಇವೆಲ್ಲವನ್ನೂ ತಿಳಿಯುತ್ತಿರುವವನು ಮಾತ್ರ ಉಳಿಯುತ್ತಾನೆ. ಆ ಉಳಿಯುವವನು ಯಾರೆಂಬ ವಿಚಾರವೇ ಅಧ್ಯಾತ್ಮದ ಮೊದಲ ಮೆಟ್ಟಿಲು.

ತಿರುಕ ಕಂಡ ಅರಸುತನ

ಮುಪ್ಪಿನ ಷಡಕ್ಷರಿಗಳು ಕ್ರಿ. ಶ. 1500ರ ಆಸುಪಾಸಿನವರೆಂದೂ ನಿಜಗುಣರ ಸಮಕಾಲೀನರೆಂದೂ ಪ್ರತೀತಿ. ‘ರಾಜಶೇಖರ ವಿಳಾಸ’ವೆಂಬ ಚಂಪೂಕಾವ್ಯವನ್ನು 1655ರಲ್ಲಿ ರಚಿಸಿದ ಷಡಕ್ಷರದೇವನು ಬೇರೆ, ಇವರು ಬೇರೆ. ಇವರ ಹಾಡುಗಳು ‘ಸುಬೋಧಸಾರ’ವೆಂಬ ಹೆಸರಿನಲ್ಲಿ ಸಂಗ್ರಹಗೊಂಡಿವೆ. ಅವುಗಳಲ್ಲಿ ‘ತಿರುಕನ ಕನಸು’ ಎಂದು ಶಾಲಾಪಠ್ಯಗಳ ಮೂಲಕ ಹಲವು ತಲೆಮಾರಿನ ಮಕ್ಕಳಿಗೆ ಪರಿಚಿತವಾದ ಹಾಡು ಈ ವಿಷಯಕ್ಕೆ ಅತ್ಯಂತ ಪ್ರಸ್ತುತವಾದುದು.

ಅದರ ಕಥೆ ಚಿಕ್ಕದು. ಊರ ಹೊರಗಿನ ಪಾಳುಬಿದ್ದ ಛತ್ರದಲ್ಲಿ ಒಬ್ಬ ತಿರುಕನು ಒರಗಿ ಮಲಗಿದ್ದಾನೆ. ಅವನಿಗೊಂದು ಕನಸು. ಆ ಊರಿನ ಅರಸನು ಮಕ್ಕಳಿಲ್ಲದೆ ಸತ್ತಿದ್ದಾನೆ. ಪಟ್ಟದಾನೆಯ ಸೊಂಡಿಲಿಗೆ ಹೂಮಾಲೆ ಕೊಟ್ಟು, ಅದು ಯಾರ ಕೊರಳಿಗೆ ಹಾಕುವುದೋ ಅವನೇ ಒಡೆಯನೆಂದು ನಿಶ್ಚಯಿಸಿದ್ದಾರೆ. ಮಾಲೆ ತಿರುಕನ ಕೊರಳಿಗೇ ಬೀಳುತ್ತದೆ. ಪಟ್ಟವಾಗುತ್ತದೆ, ಮದುವೆಯಾಗುತ್ತದೆ, ಮಕ್ಕಳಾಗುತ್ತವೆ. ಒಡ್ಡೋಲಗದಲ್ಲಿ ಕುಳಿತು, ತೊಡೆಯ ಮೇಲೆ ಮಕ್ಕಳನ್ನಾಡಿಸುತ್ತ, ಸೇನೆಯನ್ನು ನೋಡಿ ನಲಿಯುತ್ತ, ಮಕ್ಕಳ ಮದುವೆಯ ಮಾತನ್ನು ಮಂತ್ರಿಯೊಡನೆ ಆಡುತ್ತಾನೆ. ಹಣದ, ರಾಜ್ಯದ, ಮಕ್ಕಳ, ಮಡದಿಯರ ಮದಗಳು ಒಂದೊಂದಾಗಿ ತಲೆಗೇರುತ್ತವೆ. ಅಷ್ಟರಲ್ಲಿ ವೈರಿ ಅರಸರ ದಂಡು ಬಂದು ಮನೆಯನ್ನು ಮುತ್ತಿದಂತಾಗುತ್ತದೆ. ತಿರುಕನು ಬೆದರಿ ಕಣ್ಣು ತೆರೆಯುತ್ತಾನೆ.

ಇದು ಸಂಪತ್ತಿನ ಅಸ್ಥಿರತೆಯನ್ನು ಹೇಳುವ ನೀತಿಪದವೆಂದು ಸಾಮಾನ್ಯವಾಗಿ ಬೋಧಿಸುವುದುಂಟು. ಅದು ಸರಿಯೇ; ಆದರೆ ಅಷ್ಟೇ ಅಲ್ಲ. ಕನಸಿನಲ್ಲಿ ತಿರುಕನಿಗೆ ದೊರೆತ ವಸ್ತುಗಳಿಗಿಂತ ಅವನಲ್ಲಿ ಆದ ಮಾರ್ಪಾಡು ಹೆಚ್ಚು ಗಮನಾರ್ಹ. ಮಾಲೆ ಕೊರಳಿಗೆ ಬಿದ್ದ ಕ್ಷಣದಲ್ಲಿಯೇ ಅವನು ತಾನು ತಿರುಕನೆಂಬುದನ್ನು ಸಂಪೂರ್ಣ ಮರೆತನು. ಇದು ನನ್ನದಲ್ಲವೇನೋ ಎಂಬ ಒಂದು ಸಂದೇಹವೂ ಅವನಿಗೆ ಹುಟ್ಟಲಿಲ್ಲ. ಹೊರಗಿನಿಂದ ಬಂದ ಹೂಮಾಲೆಯು ಅವನ ಒಳಗಿನ ‘ನಾನು’ ಆಗಿಬಿಟ್ಟಿತು. ಉಪಾಧಿಯು ಆತ್ಮನನ್ನು ನುಂಗುವ ಬಗೆಯನ್ನು ಇದಕ್ಕಿಂತ ಸರಳವಾಗಿ ತೋರಿಸುವುದು ಕಷ್ಟ.

ಎರಡನೆಯ ಅಂಶವೊಂದಿದೆ. ಕಣ್ಣು ತೆರೆದ ತಿರುಕನಿಗೆ ಜ್ಞಾನೋದಯವಾಯಿತೆಂದು ಭಾವಿಸಲು ಆಧಾರವಿಲ್ಲ. ಅವನು ಅರಸುತನದ ಕನಸಿನಿಂದ ತಿರುಕತನದ ಎಚ್ಚರಕ್ಕೆ ಬಂದನು, ಅಷ್ಟೇ. ಮೊದಲು ‘ನಾನು ಅರಸ’ ಎಂದವನು ಈಗ ‘ನಾನು ತಿರುಕ’ ಎನ್ನುತ್ತಾನೆ. ಗುರುತು ಬದಲಾಯಿತು, ಗುರುತಿಗೆ ಅಂಟಿಕೊಳ್ಳುವ ಸ್ವಭಾವ ಬದಲಾಗಲಿಲ್ಲ. ಜನಕ ಮತ್ತು ಅಷ್ಟಾವಕ್ರರ ಹೆಸರಿನಲ್ಲಿ ಹೇಳಿಕೊಂಡು ಬಂದಿರುವ ಕಥೆಯಲ್ಲಿ ಇದೇ ಪ್ರಶ್ನೆ ತಿರುಗುಮುರುಗಾಗಿದೆ. ಕನಸಿನಲ್ಲಿ ಹಸಿದು ಅಲೆದ ಜನಕರಾಜನು ಎದ್ದು, ಅದು ನಿಜವೋ ಇದು ನಿಜವೋ ಎಂದು ಕೇಳುತ್ತಾನೆ. ಅದೂ ಅಲ್ಲ, ಇದೂ ಅಲ್ಲ, ಎರಡನ್ನೂ ಕಂಡ ನೀನೇ ನಿಜವೆಂದು ಋಷಿಯು ಉತ್ತರಿಸುತ್ತಾನೆ. ಚೀನಾ ದೇಶದ ಪ್ರಾಚೀನ ದಾರ್ಶನಿಕ ಚುವಾಂಗ್ ತ್ಸು ಕೂಡ ತಾನು ಚಿಟ್ಟೆಯಾದ ಕನಸನ್ನು ಕಂಡು, ಚಿಟ್ಟೆಯೇ ಈಗ ತಾನಾದ ಕನಸನ್ನು ಕಾಣುತ್ತಿರಬಹುದೇ ಎಂದು ಕೇಳಿಕೊಂಡನು. ದೇಶ ಬೇರೆ, ಭಾಷೆ ಬೇರೆ, ಪ್ರಶ್ನೆ ಒಂದೇ.

ಪಿಂಡದಿಂದ ಪಿಂಡಜ್ಞಾನಕ್ಕೆ

ಈ ಪ್ರಶ್ನೆಯನ್ನು ವೀರಶೈವ ಶಾಸ್ತ್ರವು ಕ್ರಮಬದ್ಧವಾಗಿ ವಿವೇಚಿಸಿದೆ. ಶಿವಯೋಗಿ ಶಿವಾಚಾರ್ಯರ ‘ಸಿದ್ಧಾಂತಶಿಖಾಮಣಿ’ಯು ಷಟ್‌ಸ್ಥಲಗಳನ್ನು ನೂರೊಂದು ಸ್ಥಲಗಳಾಗಿ ವಿಭಜಿಸುತ್ತದೆ. ಅವುಗಳಲ್ಲಿ ಮೊದಲನೆಯ ಭಕ್ತಸ್ಥಲಕ್ಕೆ ಹದಿನೈದು ಒಳಭೇದಗಳು. ಅವುಗಳ ಆರಂಭದ ನಾಲ್ಕು ಹೀಗಿವೆ: ಪಿಂಡ, ಪಿಂಡಜ್ಞಾನ, ಸಂಸಾರಹೇಯ, ಗುರುಕಾರುಣ್ಯ.

ಪಿಂಡವೆಂದರೆ ಇಲ್ಲಿ ಬರಿಯ ಮಾಂಸದ ಮುದ್ದೆಯಲ್ಲ. ಪುಣ್ಯಪರಿಪಾಕದಿಂದ ಅಂತಃಕರಣವು ಶುದ್ಧವಾಗಿ, ವಿಚಾರಕ್ಕೆ ಹದಗೊಂಡ ಜೀವನೇ ಪಿಂಡ. ಅಂಥ ಜೀವನು ಶರೀರ ಬೇರೆ, ಶರೀರವನ್ನು ತಿಳಿಯುವ ಆತ್ಮ ಬೇರೆ ಎಂದು ವಿಂಗಡಿಸಿ ಅರಿಯುವುದು ಪಿಂಡಜ್ಞಾನ. ಆ ವಿವೇಕದ ಫಲವಾಗಿ ನಶ್ವರವಾದುದರಲ್ಲಿ ಆಸಕ್ತಿ ಸಡಿಲವಾಗುವುದು ಸಂಸಾರಹೇಯ. ಅದಾದ ಬಳಿಕವೇ ಗುರುವಿನ ಕರುಣೆ, ದೀಕ್ಷೆ, ಲಿಂಗಧಾರಣೆ. ಈ ಕ್ರಮವು ಅರ್ಥಪೂರ್ಣವಾದುದು. ತಾನು ಬರಿಯ ದೇಹವಲ್ಲವೆಂಬ ಮೊದಲ ಎಚ್ಚರವು ಬಹಿರಂಗದ ಲಾಂಛನಗಳಿಗಿಂತ ಮುಂಚೆ ಬರಬೇಕೆಂಬುದು ಅದರ ತಾತ್ಪರ್ಯ. ಎಚ್ಚರವಿಲ್ಲದವನಿಗೆ ಲಾಂಛನವೂ ಇನ್ನೊಂದು ಹೂಮಾಲೆಯೇ ಆದೀತು.

ವಿಂಗಡಿಸಿ ಅರಿಯುವ ಬಗೆ ಹೇಗೆ? ಕಾಣಲ್ಪಡುವುದು ಕಾಣುವವನಲ್ಲ ಎಂಬ ಒಂದೇ ಸೂತ್ರವನ್ನು ಹೊರಗಿನಿಂದ ಒಳಕ್ಕೆ ಅನ್ವಯಿಸುತ್ತ ಹೋಗುವುದು. ಮನೆಯನ್ನು ನಾನು ಕಾಣುತ್ತೇನೆ. ಆದುದರಿಂದ ನಾನು ಮನೆಯಲ್ಲ. ಇದನ್ನು ಒಪ್ಪಲು ಯಾರಿಗೂ ಕಷ್ಟವಿಲ್ಲ. ಮೈಯನ್ನು, ಅದರ ನೋವನ್ನು, ಮುಪ್ಪನ್ನು ತಿಳಿಯುತ್ತೇನೆ. ಆದುದರಿಂದ ನಾನು ಮೈಯೂ ಅಲ್ಲ. ಉಸಿರಿನ ಏರಿಳಿತವನ್ನೂ ಮನಸ್ಸಿನ ಹರ್ಷವಿಷಾದಗಳನ್ನೂ ತಿಳಿಯುತ್ತೇನೆ. ಬುದ್ಧಿಗೆ ಒಂದು ವಿಷಯ ಹೊಳೆಯಿತೋ ಇಲ್ಲವೋ ಎಂಬುದನ್ನೂ ತಿಳಿಯುತ್ತೇನೆ. ತೈತ್ತಿರೀಯೋಪನಿಷತ್ತು ಅನ್ನಮಯ, ಪ್ರಾಣಮಯ, ಮನೋಮಯ, ವಿಜ್ಞಾನಮಯ, ಆನಂದಮಯವೆಂದು ಕ್ರಮವಾಗಿ ಒಳಸರಿಯುವುದು ಈ ದಾರಿಯಲ್ಲಿಯೇ. ಮಾಂಡೂಕ್ಯೋಪನಿಷತ್ತು ಇದನ್ನೇ ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂಬ ಅವಸ್ಥಾತ್ರಯದ ಮೂಲಕ ವಿಚಾರಿಸುತ್ತದೆ. ಎಚ್ಚರದಲ್ಲಿ ಚಾಮರಾಜಪುರಂನ ನಿವಾಸಿ, ಕನಸಿನಲ್ಲಿ ಬೇರೊಂದು ಊರಿನ ಬೇರೊಬ್ಬ ವ್ಯಕ್ತಿ, ಗಾಢನಿದ್ರೆಯಲ್ಲಿ ಊರೂ ಇಲ್ಲ, ಹೆಸರೂ ಇಲ್ಲ. ಆದರೂ ಬೆಳಗ್ಗೆ ಎದ್ದವನು ‘ಸುಖವಾಗಿ ಮಲಗಿದ್ದೆ’ ಎನ್ನುತ್ತಾನೆ. ಹೆಸರು, ಕುಲ, ಪದವಿ ಯಾವುದೂ ಇಲ್ಲದಿದ್ದಾಗಲೂ ಇದ್ದವನು ಯಾರು? ಅವನಿಗೆ ಆ ಹೊತ್ತಿನಲ್ಲಿ ಯಾವ ಕೊರತೆಯೂ ಇರಲಿಲ್ಲವಲ್ಲ!

ವೀರಶೈವವು ಈ ವಿಚಾರವನ್ನು ಅಂಗ ಮತ್ತು ಲಿಂಗಗಳ ಸಂಬಂಧವಾಗಿ ನಿರೂಪಿಸುತ್ತದೆ. ಸ್ಥೂಲ, ಸೂಕ್ಷ್ಮ, ಕಾರಣಗಳೆಂಬ ಮೂರು ತನುಗಳಿಗೆ ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗಗಳು ಕ್ರಮವಾಗಿ ಸಂಬಂಧಿಸಿವೆ. ಕ್ರಿಯಾದೀಕ್ಷೆಯು ಸ್ಥೂಲಕ್ಕೆ, ಮಂತ್ರದೀಕ್ಷೆಯು ಸೂಕ್ಷ್ಮಕ್ಕೆ, ವೇಧಾದೀಕ್ಷೆಯು ಕಾರಣಕ್ಕೆ. ಇಲ್ಲಿ ಒಂದು ವಿಶೇಷವನ್ನು ಕಾಣಬಹುದು. ದೇಹವನ್ನು ‘ನಾನಲ್ಲ’ವೆಂದು ತಳ್ಳಿಹಾಕಿ ಮುಗಿಸುವುದಿಲ್ಲ, ‘ನನ್ನದಲ್ಲ, ಲಿಂಗದ್ದು’ ಎಂದು ಒಪ್ಪಿಸಲಾಗುತ್ತದೆ. ತಳ್ಳಿದ ವಸ್ತು ಮತ್ತೆ ಕಾಡುವುದುಂಟು. ಅರ್ಪಿಸಿದ ವಸ್ತುವು ಪ್ರಸಾದವಾಗಿ ಹಿಂದಿರುಗುತ್ತದೆ.

ಅರಸನ ತ್ಯಾಗ

ನಿಜಗುಣ ಶಿವಯೋಗಿಗಳು ಶಂಭುಲಿಂಗನ ಬೆಟ್ಟದ ಆಸುಪಾಸಿನ ಪ್ರದೇಶವನ್ನಾಳುತ್ತಿದ್ದ ನಾಯಕರಾಗಿದ್ದರೆಂದೂ, ವೈರಾಗ್ಯ ಹುಟ್ಟಿ ಆಳ್ವಿಕೆಯನ್ನು ತೊರೆದು ಅಲ್ಲಿಯೇ ತಪಸ್ಸಿಗೆ ನಿಂತರೆಂದೂ ಸಂಪ್ರದಾಯವು ಹೇಳುತ್ತದೆ. ಅವರ ಕೃತಿಗಳಲ್ಲೆಲ್ಲ ಶಂಭುಲಿಂಗನೇ ಆರಾಧ್ಯದೈವ. ಕೈವಲ್ಯಪದ್ಧತಿ, ಪರಮಾನುಭವಬೋಧೆ, ಪರಮಾರ್ಥಗೀತೆ, ಅನುಭವಸಾರ, ಪುರಾತನರ ತ್ರಿವಿಧಿ, ಪರಮಾರ್ಥಪ್ರಕಾಶಿಕೆ, ವಿವೇಕಚಿಂತಾಮಣಿ ಎಂಬ ಅವರ ಗ್ರಂಥಗಳು ಕನ್ನಡದ ಶಾಸ್ತ್ರಸಾಹಿತ್ಯದಲ್ಲಿ ಎತ್ತರದ ಸ್ಥಾನವನ್ನು ಪಡೆದಿವೆ.

ತಿರುಕನ ಕನಸನ್ನೂ ಈ ಅರಸನ ತ್ಯಾಗವನ್ನೂ ಒತ್ತಟ್ಟಿಗೆ ಇಟ್ಟು ನೋಡಿದರೆ ಎಚ್ಚರಗೊಳ್ಳುವ ಎರಡು ಬಗೆಗಳು ಗೋಚರಿಸುತ್ತವೆ. ತಿರುಕನು ಬೆದರಿ ಎದ್ದನು. ಅರಸನು ಅರಿತು ಎದ್ದನು. ದಂಡು ಮುತ್ತಿದ ಮೇಲೆ ತಿರುಕನ ರಾಜ್ಯ ಹೋಯಿತು. ದಂಡು ಬರುವುದಕ್ಕೆ ಮುಂಚೆಯೇ ಅರಸನು ರಾಜ್ಯದಿಂದ ‘ನಾನು’ ಎಂಬುದನ್ನು ಹಿಂತೆಗೆದುಕೊಂಡನು. ಮೊದಲನೆಯದು ನಷ್ಟ, ಎರಡನೆಯದು ತ್ಯಾಗ. ಹೊರನೋಟಕ್ಕೆ ಇಬ್ಬರ ಕೈಯೂ ಬರಿದು. ಆದರೆ ಒಬ್ಬನ ಎದೆಯಲ್ಲಿ ಭಯ, ಇನ್ನೊಬ್ಬನ ಎದೆಯಲ್ಲಿ ಬೆಳಕು.

ಈ ದಂಡು ಎಲ್ಲರ ಮನೆಯನ್ನೂ ಒಂದು ದಿನ ಮುತ್ತುವುದೇ. ಮೂವತ್ತು ವರ್ಷ ಅಧಿಕಾರಿಯಾಗಿದ್ದವನು ನಿವೃತ್ತಿಯ ಮರುದಿನ ಬೆಳಗ್ಗೆ ತಾನು ಯಾರೆಂದು ತಿಳಿಯದೆ ಕುಳಿತಿರುವುದನ್ನು ಯಾವ ಊರಿನಲ್ಲಿಯಾದರೂ ಕಾಣಬಹುದು. ಮಕ್ಕಳೇ ತನ್ನ ಬದುಕೆಂದಿದ್ದ ತಾಯಿಗೆ ಅವರು ದೂರದೇಶಕ್ಕೆ ಹೋದ ಮೇಲೆ ಮನೆಯೆಲ್ಲ ಬರಿದು. ರೂಪವನ್ನು ನಂಬಿದವರಿಗೆ ಮುಪ್ಪು, ಬಲವನ್ನು ನಂಬಿದವರಿಗೆ ರೋಗ. ಇವು ಯಾರ ತಪ್ಪೂ ಅಲ್ಲ. ಉಪಾಧಿಯ ಸ್ವಭಾವವೇ ಬಂದು ಹೋಗುವುದು. ಆದುದರಿಂದ ಪಿಂಡಜ್ಞಾನವು ವಿರಕ್ತರಿಗೆ ಮಾತ್ರ ಸಂಬಂಧಪಟ್ಟ ಶಾಸ್ತ್ರವಿಷಯವಲ್ಲ. ಗುರುತುಗಳೊಡನೆ ಬದುಕಬೇಕಾದ ಪ್ರತಿಯೊಬ್ಬ ಗೃಹಸ್ಥನಿಗೂ ಅದು ಅನ್ನದಷ್ಟೇ ಅವಶ್ಯ.

ನಿಜಗುಣರ ಎಚ್ಚರವು ಲೋಕಕ್ಕೆ ಕಣ್ಣುಮುಚ್ಚಿದ ಎಚ್ಚರವಲ್ಲ. ಅವರ ವಿವೇಕಚಿಂತಾಮಣಿಯು ವೇದಾಗಮಪುರಾಣಗಳ ವಿಚಾರದಿಂದ ಮೊದಲುಗೊಂಡು ಭೂಗೋಳ, ವೈದ್ಯ, ಸಂಗೀತ ಮುಂತಾದ ಲೌಕಿಕ ವಿದ್ಯೆಗಳವರೆಗೆ ಹರಡಿಕೊಂಡ ಗದ್ಯರೂಪದ ವಿಶ್ವಕೋಶ. ಜಗತ್ತು ತಾನಲ್ಲವೆಂದು ತಿಳಿದವನು ಜಗತ್ತನ್ನು ಕಡೆಗಣಿಸದೆ ಅಕ್ಕರೆಯಿಂದ ಪಟ್ಟಿಮಾಡಿದನು. ತನ್ನದೆಂಬ ಹಂಗು ತಪ್ಪಿದಾಗಲೇ ವಸ್ತುವು ಇರುವಂತೆ ಕಾಣುತ್ತದೆ ಎಂಬುದಕ್ಕೆ ಇದು ನಿದರ್ಶನ. ಕೈವಲ್ಯಪದ್ಧತಿಯ ಹಾಡುಗಳಲ್ಲಿಯೂ ಜೀವನನ್ನು ಎಚ್ಚರಿಸುವ ಮಾತಿನ ಜೊತೆಯಲ್ಲಿ ನೀತಿ, ಕ್ರಿಯೆ, ಯೋಗಗಳ ಪ್ರತಿಪಾದನೆಯಿದೆ. ಜ್ಞಾನವು ಇವುಗಳನ್ನು ಹಾರಿ ಬರುವುದಿಲ್ಲ. ಸರ್ಪಭೂಷಣ ಶಿವಯೋಗಿಗಳ ‘ಕೈವಲ್ಯಕಲ್ಪವಲ್ಲರಿ’, ಮುಳಗುಂದದ ಬಾಲಲೀಲಾ ಮಹಾಂತ ಶಿವಯೋಗಿಗಳ ‘ಕೈವಲ್ಯದರ್ಪಣ’ಗಳು ಇದೇ ಪರಂಪರೆಯ ಮುಂದುವರಿಕೆ. ಹುಬ್ಬಳ್ಳಿಯ ಸಿದ್ಧಾರೂಢರು (1836–1929) ನಿಜಗುಣರ ಶಾಸ್ತ್ರವನ್ನು ಅಕ್ಷರ ಬಲ್ಲವರಿಗೂ ಬಾರದವರಿಗೂ ಒಂದೇ ಸಮನಾಗಿ ಬೋಧಿಸಿದರು. ತೆಂಕಣದ ಬೆಟ್ಟದಲ್ಲಿ ಹುಟ್ಟಿದ ವಿಚಾರವು ಹೀಗೆ ಬಡಗಣ ಕರ್ನಾಟಕದ ಮನೆಮಾತಾಯಿತು.

ತ್ಯಾಗವೂ ಒಂದು ಕುರುಹಾದಾಗ

ಇಲ್ಲಿ ಒಂದು ಅಪಾಯವನ್ನು ಹಿರಿಯರು ಮೊದಲೇ ಗುರುತಿಸಿದ್ದಾರೆ. ಕುಲ, ಛಲ, ಧನ, ರೂಪ, ಯೌವನ, ವಿದ್ಯೆ, ರಾಜ್ಯ, ತಪಸ್ಸು ಎಂಬ ಎಂಟರಿಂದ ಹುಟ್ಟುವ ಅಷ್ಟಮದಗಳನ್ನು ಎಣಿಸುವಾಗ ಕೊನೆಯದಾಗಿ ತಪೋಮದವನ್ನು ಸೇರಿಸಿರುವುದು ಮನನೀಯ. ಉಳಿದ ಏಳನ್ನು ಬಿಟ್ಟವನಿಗೆ ‘ಬಿಟ್ಟವನು ನಾನು’ ಎಂಬ ಎಂಟನೆಯದು ಅಂಟಿಕೊಳ್ಳುವುದುಂಟು. ಅರಸನೆಂಬ ಗುರುತು ಹೋಗಿ ವಿರಕ್ತನೆಂಬ ಗುರುತು ಬಂದರೆ ಮಾಲೆ ಬದಲಾಯಿತೇ ಹೊರತು ಕೊರಳು ಬದಲಾಗಲಿಲ್ಲ.

ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿಯು ಕಲ್ಯಾಣದ ಅನುಭವಮಂಟಪಕ್ಕೆ ಬರುವ ಪ್ರಸಂಗವು ಈ ಸೂಕ್ಷ್ಮವನ್ನು ತೋರಿಸುವುದಕ್ಕೆಂದೇ ಹೆಣೆದಂತಿದೆ. ಆಕೆ ಅರಮನೆಯನ್ನು ಬಿಟ್ಟಿದ್ದಾಳೆ, ಉಡುಗೆಯನ್ನೂ ಬಿಟ್ಟಿದ್ದಾಳೆ. ಲೋಕದ ಕಣ್ಣಿಗೆ ಇನ್ನು ಬಿಡುವುದಕ್ಕೆ ಏನೂ ಉಳಿದಿಲ್ಲ. ಆದರೂ ಅಲ್ಲಮಪ್ರಭುವು ಆಕೆಯನ್ನು ಒಳಗೆ ಕರೆಯುವುದಕ್ಕೆ ಮುನ್ನ ಪರೀಕ್ಷಿಸುತ್ತಾನೆ. ನಿನ್ನ ಪತಿ ಯಾರೆಂದು ಕೇಳುತ್ತಾನೆ; ದೇಹಭಾವವು ಅಳಿದಿದ್ದರೆ ಮೈಯನ್ನು ಕೂದಲಿನಿಂದ ಮರೆಸಿಕೊಂಡುದೇಕೆ ಎಂದು ಕೇಳುತ್ತಾನೆ. ತನ್ನ ನಾಚಿಕೆಗಾಗಿ ಅಲ್ಲ, ನೋಡುವವರಿಗೆ ನೋವಾಗದಿರಲೆಂದು ಮರೆಸಿದೆನೆಂಬ ಅಭಿಪ್ರಾಯದ ಉತ್ತರವನ್ನು ಅಕ್ಕ ಕೊಡುತ್ತಾಳೆ. ಆ ಉತ್ತರದಲ್ಲಿ ತ್ಯಾಗದ ಹೆಮ್ಮೆಯಿಲ್ಲ. ಇತರರ ಬಗೆಗಿನ ಕರುಣೆಯಿದೆ. ಪ್ರಭುವು ಮೆಚ್ಚಿದ್ದು ಅದನ್ನು. ಉಡುಗೆಯನ್ನು ಬಿಟ್ಟದ್ದು ಎಚ್ಚರಕ್ಕೆ ಪ್ರಮಾಣವಾಗಲಿಲ್ಲ. ‘ನಾನು ಬಿಟ್ಟೆ’ ಎಂಬುದೂ ಇಲ್ಲದಿದ್ದುದು ಪ್ರಮಾಣವಾಯಿತು.

ಇದರ ಇನ್ನೊಂದು ಮುಖವನ್ನು ಬಸವಣ್ಣನವರಲ್ಲಿ ಕಾಣಬಹುದು. ಅವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುವ ಹೊಣೆಯಲ್ಲಿದ್ದರು. ಹಣದ ಲೆಕ್ಕ, ಅಧಿಕಾರ, ಸಂಸಾರ ಎಲ್ಲವೂ ಅವರ ಸುತ್ತ ಇದ್ದವು. ನಿಜಗುಣರು ಬಿಟ್ಟದ್ದನ್ನು ಬಸವಣ್ಣನವರು ಬಿಡಲಿಲ್ಲ. ಆದರೆ ಅದನ್ನು ತಮ್ಮದೆನ್ನಲಿಲ್ಲ. ಬಿಡುವುದೂ ಇಟ್ಟುಕೊಳ್ಳುವುದೂ ಅವರವರ ಪ್ರಕೃತಿಗೆ, ಕಾಲಕ್ಕೆ, ಕಾಯಕಕ್ಕೆ ಸಂಬಂಧಿಸಿದ ಮಾತು. ಅದನ್ನು ‘ನಾನು’ ಎನ್ನದಿರುವುದು ಮಾತ್ರ ಎಲ್ಲರಿಗೂ ಸಮಾನವಾದ ನಿಯಮ.

ಕುರುಹಿನಿಂದ ಅರಿವಿಗೆ

ಲೌಕಿಕ ಗುರುತುಗಳನ್ನು ದಾಟಬೇಕೆಂದು ಹೇಳುವ ಮತವು ಅಂಗೈಯಲ್ಲಿ ಲಿಂಗವನ್ನೂ ಹಣೆಯಲ್ಲಿ ವಿಭೂತಿಯನ್ನೂ ಧರಿಸಬೇಕೆಂದು ಏಕೆ ಹೇಳುತ್ತದೆ? ಇದು ಯೋಗ್ಯವಾದ ಪ್ರಶ್ನೆ. ವಚನಕಾರರ ಪರಿಭಾಷೆಯಲ್ಲಿ ಇಷ್ಟಲಿಂಗವು ಅರಿವಿನ ಕುರುಹು. ಮನಸ್ಸು ಕುರುಹಿಲ್ಲದ ವಸ್ತುವನ್ನು ಹಿಡಿಯಲಾರದು. ಕುಲ, ಧನ, ಪದವಿಗಳಂಥ ಯಾವುದಾದರೊಂದು ಕುರುಹನ್ನು ಅದು ಹಿಡಿದೇ ತೀರುತ್ತದೆ. ಅದರ ಕೈಯಿಂದ ಅವುಗಳನ್ನು ಬಿಡಿಸಲು, ತನ್ನಾಚೆಗೆ ಬೆರಳು ತೋರಿಸುವ ಒಂದು ಕುರುಹನ್ನು ಗುರುವು ಕೊಡುತ್ತಾನೆ. ಕುಲದ ಕುರುಹು ‘ನೀನು ಇತರರಿಗಿಂತ ಬೇರೆ’ ಎನ್ನುತ್ತದೆ. ಲಿಂಗದ ಕುರುಹು ‘ನಿನ್ನಲ್ಲಿರುವುದೇ ಎಲ್ಲರಲ್ಲಿಯೂ ಇದೆ’ ಎನ್ನುತ್ತದೆ. ಧರಿಸಿದವನು ಈ ವ್ಯತ್ಯಾಸವನ್ನು ಮರೆತರೆ ಎರಡನೆಯದು ಮೊದಲನೆಯದಾಗಿ ಮಾರ್ಪಡುವುದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ.

ದೀಕ್ಷೆಯಾದವನಿಗೆ ಪೂರ್ವಾಶ್ರಯವನ್ನು ಎಣಿಸಬಾರದೆಂಬ ವಿಧಿಯ ಮರ್ಮವೂ ಇದೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ವಿಧಿಯು ಗ್ರಂಥದಲ್ಲಿ ಉಳಿಯದೆ ಬೀದಿಗೆ ಬಂದಿತು. ಸಮಗಾರ ಕುಲದಿಂದ ಬಂದ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ನಡೆದ ವಿವಾಹ, ಅದಕ್ಕಾಗಿ ಆ ತಂದೆಯರು ತೆತ್ತ ಪ್ರಾಣ, ಅನಂತರದ ಕಲ್ಯಾಣದ ಕ್ಷೋಭೆ ಇವನ್ನು ಶರಣಪರಂಪರೆಯು ಮರೆತಿಲ್ಲ. ಹುಟ್ಟಿನ ಗುರುತನ್ನು ದಾಟಿ ನೋಡುವುದು ಬರಿಯ ಧ್ಯಾನದ ಮಾತಾಗಿದ್ದರೆ ಯಾರಿಗೂ ಅಡ್ಡಿಯಿರಲಿಲ್ಲ. ಅದು ಊಟದ ಪಂಕ್ತಿಗೆ, ಮದುವೆಯ ಹಂದರಕ್ಕೆ ಬಂದಾಗ ಲೋಕವು ಕತ್ತಿ ಹಿರಿಯಿತು. ಎಚ್ಚರದ ಬೆಲೆ ಎಷ್ಟೆಂಬುದು ಆಗ ತಿಳಿಯಿತು.

ಹಸಿವೂ ಕನಸೇ?

ಕಡೆಯದಾಗಿ ಒಂದು ಆಕ್ಷೇಪವನ್ನು ವಿಚಾರಿಸಬೇಕು. ಅರಸುತನವು ಕನಸಾದರೆ ತಿರುಕನ ಹಸಿವೂ ಕನಸೇ ಅಲ್ಲವೆ? ಉಳ್ಳವರು ಇಲ್ಲದವರಿಗೆ ‘ಎಲ್ಲವೂ ಮಾಯೆ’ ಎಂದು ಹೇಳಿ ಕೈತೊಳೆದುಕೊಳ್ಳುವುದಕ್ಕೆ ಈ ತತ್ತ್ವವು ಅನುಕೂಲವಾಗುವುದಿಲ್ಲವೆ? ಆಕ್ಷೇಪವು ಹಗುರವಾದುದಲ್ಲ. ಹಾಗೆ ದುರುಪಯೋಗವಾದ ಉದಾಹರಣೆಗಳು ಲೋಕದಲ್ಲಿ ಇಲ್ಲದಿಲ್ಲ.

ಇದಕ್ಕೆ ಉತ್ತರವು ಸಿದ್ಧಾಂತಶಿಖಾಮಣಿಯ ಭಕ್ತಸ್ಥಲದ ರಚನೆಯಲ್ಲಿಯೇ ಇದೆ. ಪಿಂಡ, ಪಿಂಡಜ್ಞಾನಗಳಿಂದ ಆರಂಭವಾದ ಆ ಸ್ಥಲವು ಮುಗಿಯುವುದು ಧ್ಯಾನದಲ್ಲಲ್ಲ, ದಾನದಲ್ಲಿ. ಅದರ ಕೊನೆಯ ಮೂರು ಭೇದಗಳು ಸೋಪಾಧಿದಾನ, ನಿರುಪಾಧಿದಾನ, ಸಹಜದಾನ. ಫಲವನ್ನು ಬಯಸಿ, ಕೊಡುವವನು ನಾನೆಂಬ ಗುರುತನ್ನು ಇಟ್ಟುಕೊಂಡು ಕೊಡುವುದು ಸೋಪಾಧಿ. ಫಲಾಪೇಕ್ಷೆಯಿಲ್ಲದೆ ಶಿವಾರ್ಪಣವೆಂದು ಕೊಡುವುದು ನಿರುಪಾಧಿ. ಕೊಡುವವನೂ ಶಿವ, ಕೊಳ್ಳುವವನೂ ಶಿವ, ಕೊಡುವ ವಸ್ತುವೂ ಶಿವ ಎಂಬ ಅರಿವಿನಲ್ಲಿ ತಾನಾಗಿ ನಡೆಯುವುದು ಸಹಜ. ದೇಹ ನಾನಲ್ಲವೆಂಬ ವಿವೇಕದಿಂದ ಹೊರಟ ದಾರಿಯು ಮತ್ತೊಬ್ಬನ ದೇಹದ ಹಸಿವನ್ನು ತಣಿಸುವಲ್ಲಿಗೆ ಬಂದು ಸೇರುತ್ತದೆ. ಉಪಾಧಿ ಎಂಬ ಪದವೇ ಇಲ್ಲಿ ದಾನದ ಅಳತೆಗೋಲಾಗಿರುವುದು ಗಮನಿಸತಕ್ಕದ್ದು. ಎಷ್ಟು ಉಪಾಧಿ ಕಳಚಿತೋ ಅಷ್ಟು ದಾನವು ಶುದ್ಧ.

ಆದುದರಿಂದ ನಿಯಮವನ್ನು ಹೀಗೆ ಹೇಳಬಹುದು: ಕನಸೆಂದು ತಿಳಿಯಬೇಕಾದುದು ತನ್ನ ಅರಸುತನವನ್ನು, ನೆರೆಯವನ ಹಸಿವನ್ನಲ್ಲ. ತನ್ನ ಮದಕ್ಕೆ ವಿವೇಕ, ಪರರ ನೋವಿಗೆ ದಾಸೋಹ. ಈ ಎರಡನ್ನು ಅದಲುಬದಲು ಮಾಡಿಕೊಂಡವನು ಎಷ್ಟು ಶಾಸ್ತ್ರವನ್ನೋದಿದ್ದರೂ ಛತ್ರದಲ್ಲಿ ಮಲಗಿ ಅರಸುತನವನ್ನು ಕಾಣುತ್ತಿರುವವನೇ.

ಸಾಧಕನಾದ ಗೃಹಸ್ಥನಿಗೆ ಇದರಿಂದ ದೊರೆಯುವ ದಾರಿ ಕಠಿಣವಾದರೂ ಜಟಿಲವಲ್ಲ. ಹೆಸರು, ಮನೆ, ವೃತ್ತಿ, ಬಂಧುಬಳಗ ಇವು ಇರಲಿ, ಕಾಯಕವು ನಡೆಯಲಿ. ದಿನಕ್ಕೊಮ್ಮೆ ಲಿಂಗವನ್ನು ಕರಸ್ಥಲಕ್ಕೆ ತಂದುಕೊಂಡು ಕುಳಿತಾಗ, ಅಂದು ಕೊರಳಿಗೆ ಬಿದ್ದ ಮಾಲೆಗಳನ್ನೆಲ್ಲ ಒಂದೊಂದಾಗಿ ತೆಗೆದು ಅದರ ಮುಂದಿಡುವುದು. ತೆಗೆದ ಮೇಲೆ ಉಳಿಯುವವನು ಯಾರೆಂದು ನೋಡುವುದು. ಎದ್ದ ಮೇಲೆ ಕೆಲಸಕ್ಕೆ ಬೇಕಾದ ಮಾಲೆಯನ್ನು, ಅದು ತನ್ನದಲ್ಲವೆಂಬ ಅರಿವಿನಿಂದ, ಮತ್ತೆ ಧರಿಸುವುದು. ಹೀಗೆ ಪ್ರತಿದಿನ ತಾನಾಗಿ ತೆಗೆದಿಡಲು ಕಲಿತವನಿಗೆ, ಕಾಲವು ಬಂದು ಅದನ್ನು ಕೇಳುವ ದಿನ ಬೆದರಿಕೆಯಾಗುವುದಿಲ್ಲ. ಅವನು ಆಗಲೇ ಎಚ್ಚತ್ತಿರುತ್ತಾನೆ.